ಬಾಡಿಗೆ ಹಿತ್ತಲಿನ ಆಸ್ಪರಾಗಸ್

ಅವನಿಗೊಂದು ಸರಿಯಾದ ಹೆಸರಿತ್ತು. ಅದು ಗ್ಯಾಸಿನವರಿಗೆ ಗೊತ್ತಿತ್ತು, ಮಗಳ ಶಾಲೆಯವರಿಗೆ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವನು ನಿಧಾನಣ್ಣ. ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಅವನ ಕೆಲಸ. ಮೆಟ್ಟಿಲ ತಿರುವಿನಲ್ಲಿ ಬೀರು ಸಿಕ್ಕಿಕೊಂಡು, ಮೇಲಿನವನು ತಳ್ಳಿ, ಕೆಳಗಿನವನು ಎಳೆದು, ಇಬ್ಬರೂ ಒಬ್ಬರ ವಂಶವನ್ನೊಬ್ಬರು ಜಾಲಾಡಲು ತೊಡಗುವ ಹೊತ್ತಿಗೆ, "ನಿಧಾನ, ನಿಧಾನ, ಸ್ವಲ್ಪ ಎಡಕ್ಕೆ, ಹಾಂ, ನಿಧಾನ" ಎಂದು ಕೂಗಿ ಕೂಗಿ ಆ ಹೆಸರು ಅಂಟಿಕೊಂಡಿತ್ತು. ಹಾಗಂತ ಆಸಾಮಿ ಸೋಮಾರಿಯೇನೂ ಅಲ್ಲ. ತುಂಬಿದ ಅಡುಗೆಮನೆಯೊಂದನ್ನು ಮನೆಯೊಡತಿ ಚಹಾ ಕುಡಿದು ಮುಗಿಸುವುದರೊಳಗೆ ಪೆಟ್ಟಿಗೆಗಳಿಗೆ ಇಳಿಸಬಲ್ಲವನು. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಬಾಗಿಲ ಅಗಲ ನೋಡುತ್ತಿತ್ತು, ಆಮೇಲೆ ಮನೆಯವರ ಮುಖ.

ದಿನ ಬೆಳಗಾದರೆ ಬೇರೆಯವರ ಮನೆ ಬದಲಾಯಿಸಿಕೊಡುವ ಇವನೂ ಬಾಡಿಗೆ ಮನೆಯವನೇ. ಮದುವೆಯಾದ ಮೇಲೆ ಎಷ್ಟು ಮನೆ ಕಂಡೆವೆಂದು ಹೆಂಡತಿ ಬೆರಳು ಮಡಿಸಲು ಶುರುಮಾಡಿದರೆ ಒಂದು ಕೈ ಸಾಲುತ್ತಿರಲಿಲ್ಲ. ಒಬ್ಬ ಓನರಿನ ಮಗನಿಗೆ ಮದುವೆ ಗೊತ್ತಾಯಿತು. ಇನ್ನೊಬ್ಬ ಮನೆ ಮಾರಿದ. ಮತ್ತೊಬ್ಬ ಇದ್ದದ್ದನ್ನು ಕೆಡವಿ ಮೂರು ಅಂತಸ್ತು ಎಬ್ಬಿಸುತ್ತೇನೆಂದು ಹೊರಟ, ಅಲ್ಲಿ ಅಡಿಪಾಯದ ಗುಂಡಿಯಲ್ಲಿ ಈಗಲೂ ಕಪ್ಪೆಗಳು ಸಂಸಾರ ಹೂಡಿಕೊಂಡಿವೆ. ಒಬ್ಬಾಕೆಯಂತೂ ಕಾರಣ ಕೇಳಿದರೆ "ನಿಮಗೇ ಗೊತ್ತಲ್ಲ" ಅಂದಳು. ಏನು ಗೊತ್ತು ಎಂಬುದು ಗಂಡ ಹೆಂಡತಿ ಇಬ್ಬರಿಗೂ ಇವತ್ತಿನವರೆಗೆ ಗೊತ್ತಾಗಿಲ್ಲ.

ಹೀಗೆ ಅಲೆದು ಅಲೆದು ನಿಧಾನಣ್ಣ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದ. ಗೋಡೆಗೆ ಮೊಳೆ ಹೊಡೆಯಕೂಡದು. ಗಡಿಯಾರ ಫ್ರಿಜ್ಜಿನ ಮೇಲೆ ಕೂತಿರುತ್ತಿತ್ತು. ಕನ್ನಡಿ ಕಿಟಕಿಗೆ ಒರಗಿರುತ್ತಿತ್ತು, ತಲೆ ಬಾಚಿಕೊಳ್ಳುವವರು ಬಗ್ಗಿ ನಿಲ್ಲಬೇಕು. ಬೀರುವಿಗೂ ಗೋಡೆಗೂ ನಡುವೆ ಮಡಿಸಿದ ರಟ್ಟಿನ ಪೆಟ್ಟಿಗೆಗಳ ಕಟ್ಟು ಸದಾ ಸಿದ್ಧವಿರಬೇಕು. ಕೆಲಸಕ್ಕೆ ಹೋದ ಕಡೆ ಒಳ್ಳೆ ಗಟ್ಟಿ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಗಿರಾಕಿಯನ್ನು ಕೇಳಿ ತರುತ್ತಿದ್ದ. ಲಾರಿಯ ಡ್ರೈವರಂತೂ ಇವನು ಹೇಳುವ ಮೊದಲೇ ಮೂಲೆ ಜಜ್ಜಿರದ, ನೀರು ತಾಗಿರದ ಪೆಟ್ಟಿಗೆಗಳನ್ನು ಆರಿಸಿ ಸೀಟಿನ ಹಿಂದೆ ತುರುಕಿರುತ್ತಿದ್ದ.

"ರೀ, ನಾವು ಮನೇಲಿ ಇದೀವೋ ಬಸ್‌ಸ್ಟ್ಯಾಂಡಲ್ಲಿ ಇದೀವೋ?" ಎಂದು ಹೆಂಡತಿ ಕೇಳುತ್ತಿದ್ದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಎಲ್ಲರ ಬಟ್ಟೆಯನ್ನೂ ಅವರವರ ಮೈಗೆ ಹೊಂದಿಸಿ ಕೊಡುವವಳಿಗೆ ತಾನು ಮಾತ್ರ ಯಾವ ಮನೆಗೂ ಹೊಂದಿಕೊಳ್ಳದೆ ಇರುವುದು ಒಳಗೊಳಗೇ ಉರಿಯುತ್ತಿತ್ತು.

"ಓನರ್ ಫೋನ್ ಮಾಡಿದ ದಿನ ಪೆಟ್ಟಿಗೆ ಹುಡುಕಿಕೊಂಡು ಬೀದಿ ಸುತ್ತೋ ಗತಿ ಬೇಡ ಅಂತ ಕಣೇ" ಎನ್ನುತ್ತಿದ್ದ ಅವನು.

ಈ ಮನೆಗೆ ಬಂದ ಹೊಸತರಲ್ಲಿ ಮಗಳು ಶಾಲೆಯಿಂದ ಬಂದು, ಚೀಲ ಇಳಿಸದೆಯೇ, ಬಹಳ ಯೋಚಿಸಿದವಳ ಹಾಗೆ ಕೇಳಿದ್ದಳು. "ಅಪ್ಪಾ, ಈ ಶಾಲೇಲಿ ಬೆಸ್ಟ್ ಫ್ರೆಂಡ್ ಮಾಡ್ಕೊಳ್ಳಲಾ, ಇಲ್ಲಾ ಸುಮ್ನೆ ಫ್ರೆಂಡ್ ಸಾಕಾ?"

"ಸದ್ಯಕ್ಕೆ ಸುಮ್ನೆ ಫ್ರೆಂಡ್ ಸಾಕು ಪುಟ್ಟಿ" ಎಂದಿದ್ದ. ಹೇಳಿದ ಮೇಲೆ ಅನ್ನ ಸೇರಲಿಲ್ಲ.

ಮನೆ ಚಿಕ್ಕದು. ಎರಡು ಕೋಣೆ, ಒಂದು ಅಡುಗೆಮನೆ. ಹಿಂದೆ ಒಂದು ಹಿತ್ತಲು, ಅದರಲ್ಲೊಂದು ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಆಚೆ ಗಲ್ಲಿಯ ಕಡೆ ಹೊಟ್ಟೆ ಮುಂದೆ ಮಾಡಿಕೊಂಡು ವಾಲಿದ ಒಂದು ಗೋಡೆ. ಓನರಮ್ಮನದು ದೊಡ್ಡ ಬೀದಿಯಲ್ಲಿ ಕನ್ನಡಕದ ಅಂಗಡಿ. ಮಾತು ಕಡಿಮೆ. ನಲ್ಲಿ ಸೋರುತ್ತದೆಂದರೆ ಒಮ್ಮೆ ಬಂದು, ದಪ್ಪ ಗಾಜಿನ ಹಿಂದಿನಿಂದ ಕೋಣೆಯ ನಾಲ್ಕೂ ಗೋಡೆಗಳ ಮೇಲೆ ಕಣ್ಣಾಡಿಸಿ, "ಗೋಡೆ ಹಾಗ್‌ಹಾಗೇ ಇದೆಯಲ್ಲ" ಎಂದು ಹೋಗುತ್ತಿದ್ದಳು. ನಿಧಾನಣ್ಣ ಅದನ್ನು ಹೊಗಳಿಕೆ ಎಂದುಕೊಂಡು ಎದೆ ಉಬ್ಬಿಸುತ್ತಿದ್ದ.

ಆಸ್ಪರಾಗಸ್ ಬಂದದ್ದು ಈ ಮನೆಯಲ್ಲಿದ್ದಾಗ. ರಿಟೈರಾದ ನರ್ಸ್ ಒಬ್ಬರು ತಂಗಿಯ ಮನೆಗೆ ಹೋಗಿ ಸೇರುತ್ತಿದ್ದರು. ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದ ಅವರ ಸಾಮಾನಿಗಿಂತ ಅವರ ಹಿತ್ತಲೇ ದೊಡ್ಡದಿತ್ತು. ಲಾರಿ ತುಂಬಿದ ಮೇಲೆ ಒದ್ದೆ ಕಾಗದದಲ್ಲಿ ಸುತ್ತಿದ ಒಂದು ಗಂಟು ಹಿಡಿದು, ಯಾವ ಪೆಟ್ಟಿಗೆಗೆ ಹಾಕಲೆಂದು ತೋಚದೆ ನಿಂತಿದ್ದರು.

"ಕೊಡಿ ಅಮ್ಮ, ನಾನು ಹಿಡ್ಕೊಳ್ತೀನಿ" ಎಂದು ನಿಧಾನಣ್ಣ ಬಿಚ್ಚಿ ನೋಡಿ ಬೆಚ್ಚಿದ. "ಇದೇನಿದು, ಆಕ್ಟೋಪಸ್ ಮರಿಯಾ?"

"ಆಸ್ಪರಾಗಸ್ ಬೇರು ಕಣಪ್ಪ. ದೊಡ್ಡ ಹೋಟೆಲಲ್ಲಿ ತಟ್ಟೆ ಮೇಲೆ ಹಸಿರು ಕಡ್ಡಿ ಜೋಡಿಸಿ ಇಡ್ತಾರಲ್ಲ, ಅದು. ನಮ್ಮ ಶತಾವರಿಯ ದಾಯಾದಿ. ಬೀಜ ಹಾಕಿ ಒಂದು ವರ್ಷ ಸಾಕಿದೀನಿ. ತಂಗಿ ಮನೆ ಮೂರನೇ ಮಹಡಿ, ಅಲ್ಲಿ ಮಣ್ಣೆಲ್ಲಿ ತರ್ಲಿ? ನೀನೇ ಇಟ್ಕೋ."

"ಯಾವಾಗ ತಿನ್ನೋಕೆ ಬರುತ್ತೆ?"

"ಈ ವರ್ಷ ಮುಟ್ಟಬೇಡ. ಬರೋ ವರ್ಷವೂ ಮುಟ್ಟಬೇಡ. ಮೂರನೇ ವರ್ಷ ಕುಯ್ಯಿ. ಆಮೇಲೆ ಇಪ್ಪತ್ತು ವರ್ಷ ತಾನೇ ತಾನಾಗಿ ಬರ್ತಾನೇ ಇರುತ್ತೆ."

ನಿಧಾನಣ್ಣನಿಗೆ ನಗು ತಡೆಯಲಾಗಲಿಲ್ಲ. "ಇಪ್ಪತ್ತು ವರ್ಷ! ಅಮ್ಮ, ನಾನಿರೋದು ಬಾಡಿಗೆ ಮನೇಲಿ."

"ನಾನೂ ಬಾಡಿಗೆ ಮನೇಲೇ ಇದ್ದದ್ದು" ಎಂದರು ಸಿಸ್ಟರಮ್ಮ, ಖಾಲಿ ಮನೆಯ ಬಾಗಿಲು ಎಳೆದುಕೊಳ್ಳುತ್ತ. "ಇಷ್ಟೂ ವರ್ಷ."

ಅವನಿಗೆ ಅದು ಮನಸ್ಸಿಗೆ ನಾಟಿತೋ ಇಲ್ಲವೋ, ಗಂಟನ್ನಂತೂ ಮನೆಗೆ ತಂದ. ಆಮೇಲೆ ಅವನು ಮಾಡಿದ ಕೆಲಸವನ್ನು ಬೇರೆ ಯಾವ ತೋಟದವನೂ ಮಾಡಿರಲಾರ. ಮಾರುಕಟ್ಟೆಯಲ್ಲಿ ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳಿರುತ್ತವಲ್ಲ, ಎರಡು ಕಡೆ ಕೈ ಹಾಕಿ ಎತ್ತುವಂಥವು, ಅಂಥವನ್ನು ತಂದು, ಗೋಣಿ ಹಾಸಿ, ಮಣ್ಣು ತುಂಬಿ, ಒಂದೊಂದರಲ್ಲಿ ಒಂದೊಂದು ಬೇರನ್ನು ಮುದುರಿ ಕೂರಿಸಿದ. ಕ್ರೇಟುಗಳ ಹೊರಗೆ ಬಣ್ಣದಲ್ಲಿ "ಈ ಕಡೆ ಮೇಲೆ" ಎಂದು ಬಾಣದ ಗುರುತನ್ನೂ ಹಾಕಿದ. ಲಾರಿಯಲ್ಲಿ ಒಂದರ ಮೇಲೊಂದು ಕೂರುವುದಿಲ್ಲವಾದ್ದರಿಂದ ಮೇಲೊಂದು ಹಲಗೆ ಬೇಕಾಗುತ್ತದೆ ಎಂಬ ಲೆಕ್ಕವೂ ಅವನ ತಲೆಯಲ್ಲಿ ಆಗಲೇ ಆಗಿತ್ತು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಗಿಡಕ್ಕೂ ಗಂಟುಮೂಟೆ ಕಟ್ಟಿಸಿದ್ರಾ?"

"ಹೋಗೋವಾಗ ಎತ್ತಿಕೊಂಡು ಹೋದ್ರಾಯ್ತು. ಅನುಕೂಲ ಅಲ್ವಾ?"

ಅನುಕೂಲ ಆದದ್ದು ಲಾರಿಗೆ, ಗಿಡಕ್ಕಲ್ಲ. ಆ ಬೇಸಿಗೆಯಿಡೀ ಕ್ರೇಟುಗಳಿಂದ ಹೊಲಿಗೆ ದಾರದಂಥ ಎಳೆಗಳು ಎದ್ದು, ತೂಕಡಿಸಿ, ಮಲಗಿದವು. ಎರಡು ಕ್ರೇಟಿನಲ್ಲಿ ಬೇರು ಕೊಳೆತು ವಾಸನೆ ಬಂತು. ಚಳಿ ಶುರುವಾದಾಗ ನಿಧಾನಣ್ಣ ಪೆಚ್ಚುಮೋರೆ ಹಾಕಿಕೊಂಡು ಸಿಸ್ಟರಮ್ಮನಿಗೆ ಫೋನ್ ಮಾಡಿದ.

"ಎಲ್ಲಿ ನೆಟ್ಟೆ?" ಎಂದರು ಅವರು.

"ಕ್ರೇಟಲ್ಲಿ ಅಮ್ಮ."

"ಯಾತಕ್ಕೆ?"

"ಶಿಫ್ಟ್ ಮಾಡೋಕೆ ಸುಲಭ ಅಂತ."

ಆ ಕಡೆ ನಗು ಶುರುವಾಗಿ, ಕೆಮ್ಮಾಗಿ, ತಂಗಿ ನೀರು ತಂದುಕೊಟ್ಟದ್ದೂ ಕೇಳಿಸಿತು. "ಅಯ್ಯೋ ಮಾರಾಯ, ಅದು ಎದ್ದು ಓಡಾಡೋ ಗಿಡ ಅಲ್ಲ. ಕಾಲು ಚಾಚಿ ಕೂತ್ಕೊಳ್ಳೋ ಗಿಡ. ನೆಲಕ್ಕೆ ಹಾಕು. ಹೋಗೋ ಹಾಗಾದ್ರೆ ಬಿಟ್ಟು ಹೋಗು, ಇನ್ನೊಬ್ರು ತಿಂತಾರೆ. ಗಿಡಕ್ಕೆ ನೀನು ಯಾರು ಅಂತ ಗೊತ್ತಿರುತ್ತಾ?"

ಬಿಟ್ಟು ಹೋಗುವುದು ಎಂಬ ಮಾತೇ ಅವನಿಗೆ ಹಿಡಿಸಲಿಲ್ಲ. ಒಂದು ಚಮಚ ಬಿಟ್ಟು ಬಂದರೂ ವಾಪಸು ಹೋಗುವ ಜಾತಿ ಅವನದು. ಆದರೆ ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಹೆಂಡತಿ ಬಿಡಬೇಕಲ್ಲ. ಚಳಿ ಕಳೆಯುತ್ತ ಬಂದಂತೆ ಅವಳೇ ಗುದ್ದಲಿ ಹಿಡಿದಳು. ಓನರಮ್ಮನನ್ನು ಕೇಳಬೇಡವೇ ಎಂದರೆ, "ಕೊತ್ತಂಬರಿ ಹಾಕೋಕೆ ಯಾರಾದ್ರೂ ಪರ್ಮಿಷನ್ ಕೇಳ್ತಾರಾ?" ಎಂದಳು. ವಾಲಿದ ಗೋಡೆಗೆ ಒಂದು ಮಾರು ಈಚೆ, ಬಿಸಿಲು ಚೆನ್ನಾಗಿ ಬೀಳುವ ಕಡೆ, ಇಬ್ಬರೂ ಸೇರಿ ಮೊಣಕಾಲು ಮುಳುಗುವಷ್ಟು ಆಳದ ಉದ್ದನೆಯ ಕಾಲುವೆ ತೋಡಿದರು. ಗೊಬ್ಬರ ಹಾಕಿ, ನಡುವೆ ಮಣ್ಣಿನ ದಿಣ್ಣೆ ಮಾಡಿ, ಬದುಕುಳಿದ ಬೇರುಗಳನ್ನು ಅದರ ಮೇಲೆ ಕೂರಿಸಿ ಅವುಗಳ ಕಾಲುಗಳನ್ನು ಎರಡೂ ಕಡೆ ಇಳಿಬಿಟ್ಟರು. ಕುಡಿ ಮೇಲೆದ್ದ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ಮಣ್ಣು ಮುಚ್ಚಿದರು. ಕೊನೆಯ ಮಣ್ಣು ಎಳೆಯುವಾಗ ನಿಧಾನಣ್ಣನಿಗೆ ತನ್ನ ಕಾಲನ್ನೇ ಹೂಳಿದಂತೆ ಕಸಿವಿಸಿಯಾಯಿತು. ಇನ್ನು ಇದನ್ನು ಯಾವ ಲಾರಿಗೂ ಹತ್ತಿಸಲಾಗದು ಎಂದುಕೊಂಡು ಕೈ ತೊಳೆದ.

ನೆಲ ಸಿಕ್ಕಿದ್ದೇ ತಡ, ಗಿಡ ಬೇರೆಯೇ ಆಯಿತು. ಆ ಬೇಸಿಗೆ ಸೊಂಟದೆತ್ತರ, ಮುಂದಿನ ಬೇಸಿಗೆ ಮಗಳ ತಲೆ ಮೀರಿ, ಸಬ್ಬಸಿಗೆ ಸೊಪ್ಪಿನಂಥ ನವಿರು ಎಲೆಗಳ ಪೊದೆ ಎದ್ದಿತು. ಪಕ್ಕದ ಮನೆಯಾಕೆ, "ಕಳೆ ಇಷ್ಟು ಚೆನ್ನಾಗಿ ಸಾಕಿದೀರಲ್ಲ" ಎಂದು ಮೂಗು ಮುರಿದಳು. ಎರಡನೇ ವರ್ಷ ಬೆರಳು ಗಾತ್ರದ ಕಡ್ಡಿಗಳು ಮೂಡಿದಾಗ ಮಗಳು ಕತ್ತರಿ ಹಿಡಿದು ಬಂದದ್ದೂ ಉಂಟು.

"ಒಂದೇ ಒಂದು, ಅಪ್ಪಾ."

"ಉಹುಂ. ಈಗ ಕಿತ್ರೆ ಬೇರಿಗೆ ಊಟ ಇಲ್ಲ. ಬರೋ ವರ್ಷ."

"ಬರೋ ವರ್ಷ ನಾವು ಇಲ್ಲೇ ಇರ್ತೀವಾ?"

ನಿಧಾನಣ್ಣ ಕೇಳಿಸದವನ ಹಾಗೆ ನಲ್ಲಿಯ ಹತ್ತಿರ ಹೋದ. ಆದರೆ ಒಳಗೆ ಅವನಿಗೆ ಅದೇ ಹಂಬಲ. ಈವರೆಗೆ ಯಾವ ಮನೆ ಬಿಡಬೇಕಾದಾಗಲೂ ಅವನು ಅತ್ತವನಲ್ಲ. ಇದೊಂದನ್ನು ಬಿಡಬೇಕಾಗಿ ಬಂದರೆ ತಡೆದುಕೊಳ್ಳಲಾರೆ ಎಂಬುದು ಅವನಿಗೆ ಗೊತ್ತಾಗಿಹೋಗಿತ್ತು. ಗೊತ್ತಾದದ್ದೇ ಭಯ ಹೆಚ್ಚಿಸಿತು. ಅವನು ಮೊದಲಿಗಿಂತ ಹೆಚ್ಚು ಪೆಟ್ಟಿಗೆಗಳನ್ನು ತರತೊಡಗಿದ.

ಆ ವರ್ಷ ಎಲೆಯೆಲ್ಲ ಹಳದಿಯಾಗಿ ಒಣಗಿದ ಮೇಲೆ ಬುಡಕ್ಕೆ ಕತ್ತರಿಸಿ, ತರಗೆಲೆ ಗೊಬ್ಬರ ಹೊದಿಸುವ ಕೆಲಸ ಹೆಂಡತಿ ವಹಿಸಿಕೊಂಡಳು. ಅವನಿಗೆ ಕೈತುಂಬ ಲಾರಿ ಕೆಲಸ, ತಂದ ಪೆಟ್ಟಿಗೆಗಳನ್ನು ಬಾಗಿಲಲ್ಲೇ ಅವಳ ಕೈಗಿಟ್ಟು ಮತ್ತೆ ಹೊರಡುತ್ತಿದ್ದ. ಹಿತ್ತಲು ಅಚ್ಚುಕಟ್ಟಾಗಿ ಕಂಡಿತು, ಕಳೆ ಒಂದೂ ಇರಲಿಲ್ಲ. ಹೇಗೆ ಎಂದು ಅವನು ಕೇಳಲಿಲ್ಲ.

ಚಳಿ ಹೋಗಿ ಬಿಸಿಲು ಹಿತವಾಗುವ ಹೊತ್ತಿಗೆ ಮೂರನೇ ವರ್ಷ ಬಂತು. ಒಂದು ಸಂಜೆ ಮಣ್ಣಿನಲ್ಲಿ ನೇರಳೆ ಬಣ್ಣದ ಮೊದಲ ಮೂತಿಗಳು ಇಣುಕಿದ್ದನ್ನು ಮಗಳು ಕೂಗಿ ಹೇಳಿದಳು. ಮೂವರೂ ಬಗ್ಗಿ ನೋಡುತ್ತಿರುವಾಗಲೇ ಫೋನ್ ಬಡಿದುಕೊಂಡಿತು. ಓನರಮ್ಮ.

"ಭಾನುವಾರ ಬೆಳಿಗ್ಗೆ ಬರ್ತೀನಿ. ಜೊತೇಲಿ ಒಬ್ರು ಬರ್ತಾರೆ. ಹಿತ್ತಲು ಅಳತೆ ತಗೋಬೇಕು. ಮನೇಲಿರಿ" ಎಂದು ಇಟ್ಟುಬಿಟ್ಟಳು.

ಈ ಫೋನ್ ನಿಧಾನಣ್ಣನಿಗೆ ಬಾಯಿಪಾಠ. ಮೊದಲು ಅಳತೆ, ಆಮೇಲೆ "ಬೇಜಾರು ಮಾಡ್ಕೋಬೇಡಿ", ಆಮೇಲೆ ಲಾರಿ. ಅವನು ನೇರ ಒಳಗೆ ಹೋಗಿ ಬೀರುವಿನ ಹಿಂದೆ ಕೈ ಹಾಕಿದ. ಗೋಡೆ ತಾಗಿತು. ಬೀರುವನ್ನೇ ಜರುಗಿಸಿದ. ಒಂದು ಬಾಚಣಿಗೆ, ಒಂದಿಷ್ಟು ಧೂಳು. ಪೆಟ್ಟಿಗೆ ಒಂದೂ ಇಲ್ಲ.

"ಲೇ, ಪೆಟ್ಟಿಗೆ ಎಲ್ಲಿ?"

ಹಿಂದೆಯೇ ಒಳಗೆ ಬಂದ ಹೆಂಡತಿ ಹೊಲಿಗೆ ಮಿಶನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹಿತ್ತಲಲ್ಲಿ."

"ಹಿತ್ತಲಲ್ಲಿ ಎಲ್ಲಿ?"

"ಗೊಬ್ಬರದ ಕೆಳಗೆ. ನೀರಲ್ಲಿ ನೆನೆಸಿ ಸಾಲಿನ ಉದ್ದಕ್ಕೂ ಹಾಸಿದೀನಿ. ಕಳೆ ಬರಲ್ಲ, ತೇವ ಇರುತ್ತೆ, ಆಮೇಲೆ ಅದೇ ಕೊಳೆತು ಗೊಬ್ಬರ ಆಗುತ್ತೆ. ಸಿಸ್ಟರಮ್ಮನ್ನ ಕೇಳೇ ಮಾಡಿದ್ದು."

ನಿಧಾನಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಅಷ್ಟು ವರ್ಷ ಆರಿಸಿ ಆರಿಸಿ ಕೂಡಿಟ್ಟ ಪೆಟ್ಟಿಗೆಗಳು ಮಣ್ಣುಪಾಲು. "ಅಷ್ಟೂ ಹಾಕಿದ್ಯಾ? ಈಗ ಮನೆ ಬಿಡಿ ಅಂದ್ರೆ ಏನು ಮಾಡ್ತೀಯ?"

"ಬಿಡಲ್ಲ."

"ಬಿಡಲ್ಲ ಅಂದ್ರೆ? ಮನೆ ನಮ್ದಾ?"

ಅವಳು ದಾರ ಬಿಟ್ಟು ಎದ್ದಳು. ಸಿಟ್ಟಿಗಿಂತ ಅಳುವೇ ಮುಂದಿತ್ತು. "ಇಷ್ಟು ವರ್ಷ ಹೊರಡೋಕೆ ರೆಡಿಯಾಗಿ ಕೂತಿದ್ವಲ್ಲ, ಅದರಿಂದ ಏನು ಉಪಕಾರ ಆಯ್ತು? ಹೊರಡಿ ಅಂದಾಗ ಸಂಕಟ ಕಡಿಮೆ ಆಯ್ತಾ? ದಿನಾ ಸ್ವಲ್ಪ ಸ್ವಲ್ಪ ಹೊರಟಿದ್ವಿ ಅಷ್ಟೇ. ನನಗೆ ಸಾಕಾಗಿದೆ. ಕೂತ ಕಡೆ ಕೂತ್ಕೋಬೇಕು ಅನ್ಸಿದೆ. ಹೇಳೋದು ಅವರು ಹೇಳ್ಲಿ, ಆಮೇಲೆ ಅಳೋಣ."

ಭಾನುವಾರದವರೆಗೆ ಮನೆಯಲ್ಲಿ ಮಾತು ಉಪ್ಪು ಕೊಡಿ, ನೀರು ಕೊಡಿ ಎಂಬಷ್ಟೇ. ನಿಧಾನಣ್ಣ ಲಾರಿಯಲ್ಲಿ ಒಬ್ಬರ ಕನ್ನಡಿ ಒಡೆದ. ಅವನ ಕೈಯಲ್ಲಿ ಸಾಮಾನು ಒಡೆದದ್ದು ಡ್ರೈವರ್ ಕಂಡಂತೆ ಅದೇ ಮೊದಲು.

ಭಾನುವಾರ ಓನರಮ್ಮ ಬಂದಳು. ಹಿಂದೆ ಒಬ್ಬ ದಪ್ಪನೆಯ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಟೇಪು. ಇಬ್ಬರೂ ನೆಟ್ಟಗೆ ಹಿತ್ತಲಿಗೆ ನಡೆದರು. ಹೋಗುವ ದಾರಿಯಲ್ಲಿ ಓನರಮ್ಮ ಎಂದಿನಂತೆ ಬರಿಗೋಡೆಗಳ ಮೇಲೆ ಕಣ್ಣಾಡಿಸಿದಳು, ಜರುಗಿಸಿದ್ದ ಬೀರುವನ್ನೂ ನೋಡಿದಳು. ಅವಳ ಮುಖ ಸಣ್ಣಗಾಯಿತು. ಅದನ್ನು ನಿಧಾನಣ್ಣ ಗಮನಿಸಿದ, ಅರ್ಥ ಮಾತ್ರ ತಪ್ಪಾಗಿ ಮಾಡಿಕೊಂಡ.

ಟೇಪಿನವನು ಗೋಡೆಯುದ್ದಕ್ಕೂ ಅಳೆದು, "ಇಲ್ಲಿಂದ ಇಲ್ಲೀವರೆಗೂ ಅಗೀಬೇಕು" ಎಂದ. ಅವನ ಬೂಟು ಆಸ್ಪರಾಗಸ್ ಸಾಲಿನ ಅಂಚಿಗೆ ಬಂದಿತ್ತು.

ನಿಧಾನಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ಎಷ್ಟು ದಿನ ಟೈಮ್ ಕೊಡ್ತೀರಾ ಅಮ್ಮ?"

"ಯಾತಕ್ಕೆ?"

"ಮನೆ ಬಿಡೋಕೆ."

ಓನರಮ್ಮ ಕನ್ನಡಕ ತೆಗೆದಳು. ಅದಿಲ್ಲದ ಅವಳ ಮುಖ ತೀರಾ ಸಣ್ಣದಾಗಿ, ದಣಿದ ಹಾಗೆ ಕಂಡಿತು. "ನನಗೆ ಗೊತ್ತಿತ್ತು" ಎಂದಳು. "ಬಿಡ್ತೀರಾ ಅಂತ ಗೊತ್ತಿತ್ತು. ಬೀರು ಜರುಗಿಸಿದ್ದು ನೋಡಿದಾಗಲೇ ಅಂದುಕೊಂಡೆ. ಎಲ್ಲಿ ನೋಡಿದೀರಾ ಮನೆ?"

"ನಾವ್ಯಾಕೆ ನೋಡ್ತೀವಿ? ನೀವೇ ಅಲ್ವಾ ಅಳತೆ..."

"ಅಳತೆ ಗೋಡೆಗೆ! ಇವರು ಮೇಸ್ತ್ರಿ. ಗೋಡೆ ಯಾವತ್ತು ಬೀಳುತ್ತೋ ಅಂತ ಗಲ್ಲಿಯವರು ಅಂಗಡಿಗೇ ಬಂದು ಕೂಗಾಡಿದ್ರು. ಮೊದಲೇ ಕಟ್ಟಿಸಬೇಕಿತ್ತು. ನೀವು ಇವತ್ತು ಹೋಗ್ತೀರೋ ನಾಳೆ ಹೋಗ್ತೀರೋ ಅಂತ ಎಲ್ಲಾನೂ ಮುಂದೂಡ್ತಾ ಬಂದೆ. ಬಂದಾಗಲೆಲ್ಲ ನೋಡ್ತೀನಲ್ಲ, ಒಂದು ಮೊಳೆ ಇಲ್ಲ, ಒಂದು ಫೋಟೋ ಇಲ್ಲ, ಬೀರು ಹಿಂದೆ ಪೆಟ್ಟಿಗೆ ರಾಶಿ. ಯಾರಾದ್ರೂ ಏನಂದ್ಕೋತಾರೆ? ನಿಮಗಿಂತ ಮುಂಚೆ ಇದ್ದವರು ಒಂದು ಮಾತು ಹೇಳದೆ ಹೋದ್ರು. ಎಷ್ಟು ಕಾಲ ಮನೆಗೆ ಬೀಗ. ಅಡುಗೆಮನೆಗೆ ಶೆಲ್ಫ್ ಹಾಕಿಸಿದ್ರೆ ಆ ಆಸೆಗಾದ್ರೂ ಇವರು ಉಳೀತಾರೇನೋ ಅಂತ ಮೇಸ್ತ್ರಿ ಹತ್ರ ಈಗ ದಾರೀಲಿ ಹೇಳ್ತಾ ಬಂದೆ."

ಇಷ್ಟು ದಿನ ನಿಧಾನಣ್ಣ ಯಾರ ಫೋನಿಗೆ ನಡುಗುತ್ತಿದ್ದನೋ ಆಕೆ ಇವನ ಗೋಡೆ ನೋಡಿ ನಡುಗುತ್ತಿದ್ದಳು. ಒಂದು ಮೊಳೆಯಲ್ಲಿ ಮುಗಿಯುವ ಮಾತಿಗೆ ಎರಡು ಮನೆಯವರು ವರ್ಷಗಟ್ಟಲೆ ಊಟ ನಿದ್ದೆ ಕೆಡಿಸಿಕೊಂಡಿದ್ದರು. ಮನುಷ್ಯರು ಇಂಥದ್ದರಲ್ಲಿ ಬಲು ನಿಪುಣರು.

"ಯಾರೂ ಎಲ್ಲಿಗೂ ಹೋಗಲ್ಲ" ಎಂದಳು ಹೆಂಡತಿ. ಅವಳು ಮೇಸ್ತ್ರಿಯ ಬೂಟಿಗೂ ಸಾಲಿಗೂ ನಡುವೆ ಬಂದು ನಿಂತಿದ್ದಳು. "ಆ ಪೆಟ್ಟಿಗೆ ಎಲ್ಲಾ ಇಲ್ಲಿದೆ ನೋಡಿ, ಮಣ್ಣಿನ ಕೆಳಗೆ." ಬಗ್ಗಿ ಗೊಬ್ಬರ ಸರಿಸಿದಳು. ಕರಗಿ ಕಂದಾದ ರಟ್ಟನ್ನು ತೂತು ಮಾಡಿಕೊಂಡು ಹಸಿರು ಕಡ್ಡಿಗಳು ಮೇಲೆ ಬಂದಿದ್ದವು. ಒಂದು ಕಡೆ "ಈ ಕಡೆ ಮೇಲೆ" ಎಂಬ ಅಚ್ಚು ಇನ್ನೂ ಅರ್ಧ ಓದಿಸುತ್ತಿತ್ತು.

"ಇದೇನು?"

"ಆಸ್ಪರಾಗಸ್. ನಿಮ್ಮನ್ನ ಕೇಳದೆ ಹಾಕಿದ್ವಿ, ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮೂರನೇ ವರ್ಷದವರೆಗೂ ಮುಟ್ಟೋ ಹಾಗಿಲ್ಲ. ಒಂದೂ ತಿಂದಿಲ್ಲ ಇನ್ನೂ. ಆಮೇಲೆ ಇಪ್ಪತ್ತು ವರ್ಷ ಬರುತ್ತಂತೆ."

ಓನರಮ್ಮ ಕನ್ನಡಕ ಹಾಕಿಕೊಂಡು ಕಡ್ಡಿಗಳನ್ನು ನೋಡಿದಳು, ಗಂಡ ಹೆಂಡತಿಯನ್ನು ನೋಡಿದಳು. "ಮೂರು ವರ್ಷ ಕಾದ್ರಾ? ನನ್ನ ಹಿತ್ತಲಲ್ಲಿ?" ಅವಳ ಮುಖ ಅರಳುತ್ತ ಬಂತು. "ಕೇಳಿದ್ರೆ ಬೇಡ ಅಂತಿದ್ದೆನೇನೋ. ಕೇಳದೆ ಹಾಕಿದ್ದೇ ಒಳ್ಳೇದಾಯ್ತು. ಅಬ್ಬಾ, ನನ್ನ ತಲೆ ಮೇಲಿನ ಕಲ್ಲು ಇಳೀತು."

"ಅದೆಲ್ಲ ಸರಿ ಅಮ್ಮ" ಎಂದ ಮೇಸ್ತ್ರಿ. "ಗೋಡೆಗೆ ಪಾಯ ತೆಗೀಬೇಕಾದ್ರೆ ಈ ಸಾಲು ಹೋಗುತ್ತೆ."

"ಗಲ್ಲಿ ಕಡೆಯಿಂದ ಅಗೀರಿ."

"ಗಲ್ಲಿಯೋರು ಬೈತಾರೆ."

"ಬೈಸ್ಕೊಳ್ರಿ. ನಾನು ಬೈಸ್ಕೊಂಡಿಲ್ವಾ?"

ನಿಧಾನಣ್ಣ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ನಗಬೇಕೆಂದು ಹೊರಟವನಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಅಡಗಿಸುವ ಗೋಜಿಗೂ ಅವನು ಹೋಗಲಿಲ್ಲ. ನಾಲ್ಕು ಮಹಡಿ ಮೇಲಿಂದ ಕಬ್ಬಿಣದ ಬೀರು ಇಳಿಸಿ ನೆಲಕ್ಕಿಟ್ಟಾಗಲೂ ಅವನ ಬೆನ್ನು ಇಷ್ಟು ಹಗುರಾದದ್ದಿಲ್ಲ.

"ಹಾಗೇ ಆ ಗಡಿಯಾರಕ್ಕೆ ಒಂದು ಮೊಳೆ ಹೊಡೀರಿ" ಎಂದಳು ಓನರಮ್ಮ ಹೊರಡುವಾಗ. "ಫ್ರಿಜ್ ಮೇಲೆ ಕೂತು ಕೂತು ಅದಕ್ಕೂ ಶೀತ ಆಗಿರ್ಬೇಕು."

ಮನೆಯಲ್ಲಿ ಸುತ್ತಿಗೆ ಇರಲಿಲ್ಲ. ಬೀಳುವುದನ್ನು ಹಿಡಿಯುವ, ಬಿಗಿದದ್ದನ್ನು ಬಿಚ್ಚುವ ಸಲಕರಣೆ ಏನು ಬೇಕಾದರೂ ಇತ್ತು, ಹೊಡೆದು ಕೂರಿಸುವಂಥದ್ದು ಒಂದೂ ಇರಲಿಲ್ಲ. ಮೇಸ್ತ್ರಿಯದನ್ನೇ ಎರವಲು ಪಡೆದು ಸ್ಟೂಲು ಹತ್ತಿದ. ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಕೆಳಗಿನಿಂದ ಹೆಂಡತಿ ಮಗಳು ಒಟ್ಟಿಗೆ ಕೂಗಿದರು, "ನಿಧಾನ, ನಿಧಾನ!"

ಆ ವಾರ ಮೊದಲ ಕೊಯ್ಲು. ಚಾಕುವಿನಿಂದ ಮಣ್ಣಿನ ಅಂಚಿಗೆ ಕೊಯ್ದು, ಉಪ್ಪು ನೀರಿನಲ್ಲಿ ಸ್ವಲ್ಪವೇ ಬೇಯಿಸಿ, ಬೆಣ್ಣೆ ಸವರಿ ತಿಂದರು. ಮಗಳು ಒಂದು ಕಚ್ಚಿ, "ಬಟಾಣಿ ಥರ ಇದೆ" ಅಂದಳು. ಇನ್ನೊಂದು ಕಚ್ಚಿ, "ಅಲ್ಲ, ಹುಲ್ಲಿನ ಥರ" ಅಂದಳು. ಆಮೇಲೆ ತಟ್ಟೆ ಖಾಲಿಯಾಗುವವರೆಗೆ ಏನೂ ಅನ್ನಲಿಲ್ಲ. ಒಂದು ಕಟ್ಟನ್ನು ನಿಧಾನಣ್ಣ ಮೂರು ಮಹಡಿ ಹತ್ತಿ ಸಿಸ್ಟರಮ್ಮನಿಗೆ ಒಪ್ಪಿಸಿದ. ಅವರು ಬಾಗಿಲಲ್ಲೇ ಒಂದು ಕಡ್ಡಿಯನ್ನು ಹಸಿಯಾಗಿ ಕಡಿದು, ಕಣ್ಣು ಮುಚ್ಚಿಕೊಂಡು ಅಗಿದು, "ನೆಲದ್ದೇ" ಎಂದರು. ಇನ್ನೊಂದು ಕಟ್ಟು ಕನ್ನಡಕದ ಅಂಗಡಿಗೆ ಹೋಯಿತು.

ಗಲ್ಲಿಯವರು ಬೈದರು, ಗೋಡೆ ಎದ್ದಿತು. ಅಡುಗೆಮನೆಗೆ ಶೆಲ್ಫ್ ಬಂತು. ಒಂದು ಸಂಜೆ ಮಗಳು ಎರಡು ಜಡೆಯ ಒಬ್ಬ ಹುಡುಗಿಯನ್ನು ಕರೆತಂದು, "ಅಪ್ಪಾ, ಇವಳೇ" ಎಂದಳು. ಇವಳೇ ಎಂದರೆ ಯಾರು ಎಂದು ಅವನು ಕೇಳಬೇಕಾಗಲಿಲ್ಲ. ಇಬ್ಬರೂ ಹಿತ್ತಲಿಗೆ ಓಡಿದರು. ಆ ನಗು ಕೇಳುತ್ತ ಅವನು ಅವತ್ತು ಎರಡು ಸಲ ಬಡಿಸಿಕೊಂಡು ಉಂಡ.

ಮುಂದಿನ ಚಳಿಗಾಲದಲ್ಲಿ ಒಂದು ದೊಡ್ಡ ಮನೆಯ ಸಾಮಾನು ಇಳಿಸಿ ಮುಗಿದಾಗ, ಡ್ರೈವರು ಎಂದಿನಂತೆ ಹೊಚ್ಚಹೊಸ ಪೆಟ್ಟಿಗೆಗಳನ್ನು ಮಡಿಸಿ ಅವನ ಮುಂದೆ ಹಿಡಿದ. "ತಗೋ ಅಣ್ಣ, ಎಷ್ಟು ಗಟ್ಟಿ ಇದೆ ನೋಡು. ಎಂಥ ಸಾಮಾನು ಬೇಕಾದ್ರೂ ತಡ್ಕೊಳ್ಳುತ್ತೆ."

ನಿಧಾನಣ್ಣ ಅವನ್ನು ಪಕ್ಕಕ್ಕೆ ಸರಿಸಿದ. ಆ ಮನೆಯ ನಲ್ಲಿಯ ಬಳಿ ನೆನೆದು, ಮೂಲೆ ಹರಿದು, ಯಾರಿಗೂ ಬೇಡವಾಗಿ ಬಿದ್ದಿದ್ದವನ್ನು ಒಂದೊಂದಾಗಿ ಎತ್ತಿ ಕಂಕುಳಲ್ಲಿ ಅವುಚಿಕೊಂಡ.

"ಗಟ್ಟೀದು ಬೇರೆ ಯಾರಿಗಾದ್ರೂ ಕೊಡಪ್ಪ" ಎಂದ. "ನನಗೆ ಬೇಗ ಕೊಳೆಯೋದು ಬೇಕು."